ನಿಮ್ಮ ಸೈಮನ್‌ಗೆ ಸಾಲವೂ ಇರಲಿ

ನಮಸ್ಕಾರ,

ಸೈಮನ್ ಡಿ ಮಾಂಟ್‌ಫೋರ್ಟ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಇನ್ನೊಮ್ಮೆ ಬರೆದು ಕಳಿಸಿದರೆ ಹಾಕುವ ಆಸೆ ನನಗೆ ನಿಜವಾಗಿಯೂ ಇದೆ. 13ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನಿಗೂ ಪ್ರಭುಗಳಿಗೂ ನಡೆದ ಜಗಳದ ಬಗ್ಗೆ ಕನ್ನಡದಲ್ಲಿ ಇಷ್ಟು ಆಸಕ್ತಿಯಿಂದ ಬರೆಯುವವರು ಕಡಿಮೆ. ಅದಕ್ಕೇ ಎರಡು ಸಾಲು ಬರೆದು ಸುಮ್ಮನಾಗದೆ, ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಲೇಖನ ಹೇಳುವುದು ಇಷ್ಟು. ಮೂರನೇ ಹೆನ್ರಿ ದುಂದು ಮಾಡುವ ದುಷ್ಟ ರಾಜ. ಲೆಸ್ಟರ್‌ನ ಅರ್ಲ್, ಅಂದರೆ ದೊಡ್ಡ ಪ್ರಭು ಆಗಿದ್ದ ಸೈಮನ್ ಜನರ ಪರವಾಗಿ ಅವನ ಎದುರು ನಿಂತ. 1265ರಲ್ಲಿ ಜಗತ್ತಿನ ಮೊದಲ ಪಾರ್ಲಿಮೆಂಟ್ ಕರೆದ. ಅದೇ ವರ್ಷ ಯುದ್ಧದಲ್ಲಿ ಸತ್ತು ಹುತಾತ್ಮನಾದ. ಇಸವಿಗಳು ಸರಿಯಾಗಿವೆ. ಆದರೆ ನಿಮ್ಮ ಸೈಮನ್‌ಗೆ ತನಗೆಂದು ಏನೂ ಬೇಕಾಗಿಲ್ಲ. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಸಾಲ ಇಲ್ಲ, ಸಿಟ್ಟೂ ಇಲ್ಲ. ಅಂಥವನು ಸತ್ತಾಗ ಓದುಗನಿಗೆ ಏನೂ ಅನ್ನಿಸುವುದಿಲ್ಲ.

ಸೈಮನ್ ಹುಟ್ಟಿದ್ದು ಫ್ರಾನ್ಸಿನಲ್ಲಿ. ಅಜ್ಜಿಯ ಕಡೆಯಿಂದ ಬರಬೇಕಾಗಿದ್ದ ಲೆಸ್ಟರ್ ಆಸ್ತಿಯನ್ನು ಕೇಳಿಕೊಂಡು ಇಂಗ್ಲೆಂಡಿಗೆ ಬಂದವನು. 1238ರಲ್ಲಿ ಹೆನ್ರಿಯ ತಂಗಿ ಎಲಿನರ್‌ಳನ್ನು ಮದುವೆಯಾದ. ಅಂದರೆ ಇವರಿಬ್ಬರೂ ಭಾವಮೈದುನರು. ಇದು ನಿಮ್ಮ ಇಡೀ ಲೇಖನದಲ್ಲಿ ಒಂದು ಕಡೆಯೂ ಇಲ್ಲ! ಎಲಿನರ್ ಆಗಲೇ ವಿಧವೆ. ಮೊದಲ ಗಂಡ ಪೆಂಬ್ರೋಕ್‌ನ ಅರ್ಲ್ ವಿಲಿಯಂ ಮಾರ್ಷಲ್ 1231ರಲ್ಲಿ ತೀರಿಹೋಗಿದ್ದ. ಅವನ ಆಸ್ತಿಯಲ್ಲಿ ಅವಳಿಗೆ ಪಾಲು ಬರಬೇಕಿತ್ತು. ಐರ್ಲೆಂಡ್ ಮತ್ತು ವೇಲ್ಸ್ ಜಮೀನಿನ ಪಾಲಿಗೆ ಬದಲಾಗಿ ವರ್ಷಕ್ಕೆ 400 ಪೌಂಡ್ ಎಂದು ಹೆನ್ರಿ ಒಪ್ಪಂದ ಮಾಡಿಸಿದ. ಬರಬೇಕಾದ್ದಕ್ಕಿಂತ ಇದು ತುಂಬಾ ಕಡಿಮೆ ಎಂದು ಗಂಡ ಹೆಂಡತಿ ಇಬ್ಬರೂ ಕೊನೆಯವರೆಗೂ ನಂಬಿದ್ದರು. ಮದುವೆಯ ಮುಂದಿನ ವರ್ಷವೇ ಇನ್ನೊಂದು ರಾದ್ಧಾಂತ. ಸೈಮನ್ ತನ್ನ ಸಾಲಕ್ಕೆ ರಾಜನನ್ನು ಕೇಳದೆಯೇ ಅವನ ಹೆಸರನ್ನು ಜಾಮೀನಿಗೆ ಹಾಕಿದ್ದ. ಹೆನ್ರಿ ಎಲ್ಲರೆದುರು ರೇಗಾಡಿದ. ಗಂಡ ಹೆಂಡತಿ ಫ್ರಾನ್ಸಿಗೆ ಓಡಿಹೋಗಬೇಕಾಯಿತು.

ಈ ಪಾಲಿನ ಜಗಳ ಮನೆಯೊಳಗೇ ಉಳಿಯಲಿಲ್ಲ. 1259ರಲ್ಲಿ ಹೆನ್ರಿ ಫ್ರಾನ್ಸಿನ ರಾಜ ಲೂಯಿಯ ಜೊತೆ ಪ್ಯಾರಿಸ್‌ನಲ್ಲಿ ಒಪ್ಪಂದ ಮಾಡಿಕೊಳ್ಳಲು ಹೊರಟ. ಅದಕ್ಕೆ ಎಲಿನರ್ ಕೂಡ ಫ್ರಾನ್ಸಿನ ಜಮೀನಿನ ಮೇಲಿನ ಹಕ್ಕು ಬಿಟ್ಟುಕೊಡಬೇಕಿತ್ತು. ಮೊದಲು ನನ್ನ ಲೆಕ್ಕ ತೀರಲಿ ಎಂದು ಅವಳು ಪಟ್ಟು ಹಿಡಿದಳು. ಎರಡು ದೇಶಗಳ ಒಪ್ಪಂದ ಒಬ್ಬ ಹೆಣ್ಣುಮಗಳ ಪಾಲಿಗಾಗಿ ತಿಂಗಳುಗಟ್ಟಲೆ ನಿಂತಿತು. ಕೊನೆಗೆ ಹೆನ್ರಿಗೆ ಕೊಡಬೇಕಾದ ಹಣದಲ್ಲಿ 15,000 ಮಾರ್ಕ್ (ಒಂದು ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಭಾಗ) ಹಿಡಿದಿಟ್ಟುಕೊಳ್ಳುವುದಾಗಿ ಲೂಯಿ ಒಪ್ಪಿದ ಮೇಲೆಯೇ ಕೆಲಸ ಮುಂದುವರಿಯಿತು. ಇಂಥ ಘಟನೆ ಕೈಯಲ್ಲಿರುವಾಗ 'ಸ್ವಾತಂತ್ರ್ಯದ ಕಿಚ್ಚು' ಎಂದು ಪ್ಯಾರಾಗಟ್ಟಲೆ ಬರೆಯುವ ಅಗತ್ಯ ಏನಿದೆ?

ಇಷ್ಟು ಹೇಳಿದ ಮಾತ್ರಕ್ಕೆ ಸೈಮನ್ ಬರೀ ಆಸ್ತಿಗಾಗಿ ಹೊಡೆದಾಡಿದ ಎಂದು ತಿರುಗಿಸಿ ಬರೆಯಬೇಡಿ. ಅದೂ ಅಷ್ಟೇ ಸುಳ್ಳಾಗುತ್ತದೆ. 1258ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆದ ನಿರ್ಣಯಗಳನ್ನು ಕಾಪಾಡುತ್ತೇನೆ ಎಂದು ಅವನು ಪ್ರಮಾಣ ಮಾಡಿದ್ದ, ರಾಜನೂ ಮಾಡಿದ್ದ. ರಾಜನ ಮೇಲೆ 15 ಜನರ ಸಲಹಾ ಸಭೆ, ವರ್ಷಕ್ಕೆ ಮೂರು ಪಾರ್ಲಿಮೆಂಟ್ ಎನ್ನುವ ನಿರ್ಣಯಗಳು ಅವು. 1261ರಲ್ಲಿ ಪೋಪ್ ಹೆನ್ರಿಯನ್ನು ಆ ಪ್ರಮಾಣದಿಂದ ಬಿಡಿಸಿದ. ಜೊತೆಗಿದ್ದ ಪ್ರಭುಗಳು ಒಬ್ಬೊಬ್ಬರಾಗಿ ರಾಜನ ಕಡೆ ಜಾರಿದರು. ಸೈಮನ್ ಜಾರಲಿಲ್ಲ, ದೇಶವನ್ನೇ ಬಿಟ್ಟು ಹೋದ. ಹೆಂಡತಿಯ ಪಾಲಿಗಾಗಿ ಒಪ್ಪಂದ ತಡೆದವನೂ ಪ್ರಮಾಣಕ್ಕಾಗಿ ಎಲ್ಲವನ್ನೂ ಪಣಕ್ಕಿಟ್ಟವನೂ ಒಬ್ಬನೇ. ಆ ಒಬ್ಬನನ್ನು ನನಗೆ ತೋರಿಸಿ. ನಾನು ಕೇಳುತ್ತಿರುವುದು ಇಷ್ಟೇ.

ಹೆನ್ರಿಗೂ ಸ್ವಲ್ಪ ನ್ಯಾಯ ಕೊಡಿ. ಒಂಬತ್ತು ವರ್ಷಕ್ಕೆ ಕಿರೀಟ ಹೊತ್ತ ಹುಡುಗ ಅವನು. ದೇವರಲ್ಲಿ ಭಕ್ತಿ ಜಾಸ್ತಿ. ವೆಸ್ಟ್‌ಮಿನ್‌ಸ್ಟರ್ ಆಬೆಯನ್ನು ಹೊಸದಾಗಿ ಕಟ್ಟಿಸಿದವನು. ದುಷ್ಟ ಅನ್ನುವುದಕ್ಕಿಂತ, ಹತ್ತಿರದವರಿಗೆ ಇಲ್ಲ ಎನ್ನಲು ಬಾರದವನು ಅನ್ನಬಹುದು. ಅವನ ತಾಯಿ ಎರಡನೇ ಮದುವೆಯಾಗಿ ಫ್ರಾನ್ಸಿನಲ್ಲಿದ್ದಳು. ಆ ಮದುವೆಯಿಂದ ಹುಟ್ಟಿದ ತಮ್ಮಂದಿರು 1247ರಲ್ಲಿ ಇಂಗ್ಲೆಂಡಿಗೆ ಬಂದರು. ಹೆನ್ರಿ ಅವರಿಗೆ ಕೈಬಿಚ್ಚಿ ಕೊಟ್ಟ. ಮೇಲೆ ಸಿಸಿಲಿಯ ಹುಚ್ಚು ಬೇರೆ. ಎರಡನೇ ಮಗ ಎಡ್ಮಂಡ್‌ನನ್ನು ಅಲ್ಲಿಯ ರಾಜನನ್ನಾಗಿ ಮಾಡಲು ಪೋಪ್‌ಗೆ 1,35,000 ಮಾರ್ಕ್‌ಗೂ ಜಾಸ್ತಿ ಕೊಡುವುದಾಗಿ ಒಪ್ಪಿಕೊಂಡ. ಅಷ್ಟು ಹಣ ಅವನ ಹತ್ತಿರ ಇರಲೇ ಇಲ್ಲ. 1257ರಲ್ಲಿ ಬೆಳೆ ಹೋಗಿ ಮರುವರ್ಷ ಜನ ಹಸಿವಿನಿಂದ ಸಾಯುತ್ತಿದ್ದ ಹೊತ್ತು ಅದು.

ನೀವು 'ಪ್ರಭುಗಳು ರೊಚ್ಚಿಗೆದ್ದರು' ಎಂದು ಮುಗಿಸಿದ ಕಡೆ ನಿಜವಾದ ದೃಶ್ಯವೇ ಇದೆ. 1258ರ ಏಪ್ರಿಲ್ ಮೊದಲಲ್ಲಿ ಸರ್ರಿಯ ಷಿಯರ್ ಎಂಬ ಊರಿನ ಚರ್ಚಿನ ವಿಷಯಕ್ಕೆ ಗಲಾಟೆ ಆಯಿತು. ರಾಜನ ಒಬ್ಬ ತಮ್ಮನ ಕಡೆಯವರು ಜಾನ್ ಫಿಟ್ಸ್‌ಜೆಫ್ರಿ ಎಂಬ ಪ್ರಭುವಿನ ಜನರ ಮೇಲೆ ಬಿದ್ದರು. ಒಬ್ಬ ಸತ್ತ. ಜಾನ್ ನ್ಯಾಯ ಕೇಳಿದರೆ ಹೆನ್ರಿ ಕಿವಿಗೊಡಲಿಲ್ಲ. ಕೆಲವೇ ದಿನಗಳಲ್ಲಿ ಏಳು ಜನ ಪ್ರಭುಗಳು ಒಬ್ಬರಿಗೊಬ್ಬರು ಬೆಂಬಲವಾಗಿ ನಿಲ್ಲುವುದಾಗಿ ಆಣೆ ಮಾಡಿದರು. ಅವರಲ್ಲಿ ಜಾನ್ ಇದ್ದ, ಸೈಮನ್ ಇದ್ದ. ಏಪ್ರಿಲ್ 30ರಂದು ಪ್ರಭುಗಳು ಕವಚ ತೊಟ್ಟು ವೆಸ್ಟ್‌ಮಿನ್‌ಸ್ಟರ್ ಸಭಾಂಗಣಕ್ಕೆ ನಡೆದರು. ಕತ್ತಿಗಳನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋದರು. ನಾನು ನಿಮ್ಮ ಕೈದಿಯೇ ಎಂದು ಹೆನ್ರಿ ಕೇಳಿದನಂತೆ. ಆ ಕಾಲದ ಒಂದು ಮಠದ ದಾಖಲೆ ಹಾಗೆ ಹೇಳುತ್ತದೆ. ಈ ಭಾಗಕ್ಕೆ ಎಷ್ಟು ಪುಟ ಬೇಕಾದರೂ ತೆಗೆದುಕೊಳ್ಳಿ.

'ಜಗತ್ತಿನ ಮೊದಲ ಪಾರ್ಲಿಮೆಂಟ್' ಎನ್ನುವ ಸಾಲು ತೆಗೆಯಿರಿ. ಪಾರ್ಲಿಮೆಂಟ್‌ಗಳು ಮೊದಲೂ ಸೇರುತ್ತಿದ್ದವು. 1254ರಲ್ಲೇ ಕೌಂಟಿಗಳಿಂದ, ಅಂದರೆ ಜಿಲ್ಲೆಗಳಿಂದ, ನೈಟ್‌ಗಳನ್ನು (ಪ್ರಭುಗಳಿಗಿಂತ ಕೆಳಗಿನ ಯೋಧ ವರ್ಗದವರನ್ನು) ಕರೆಸಿದ್ದರು. 1265ರಲ್ಲಿ ಪಟ್ಟಣಗಳ ಪ್ರತಿನಿಧಿಗಳೂ ಅವರ ಜೊತೆ ಬಂದು ಕೂತದ್ದು ಹೊಸದು. ಏಕೆ ಕರೆದ ಎನ್ನುವುದನ್ನೂ ಬರೆಯಿರಿ. ಹಿಂದಿನ ವರ್ಷ ಲೂಯಿಸ್ ಎಂಬ ಊರಿನ ಯುದ್ಧದಲ್ಲಿ ಗೆದ್ದು ರಾಜನನ್ನೇ ಹಿಡಿದಿಟ್ಟಿದ್ದರೂ ದೊಡ್ಡ ಪ್ರಭುಗಳು ಸೈಮನ್‌ನ ಹಿಂದೆ ಇರಲಿಲ್ಲ. ಅವನು ಕರೆ ಕಳಿಸಿದ್ದು ಬರೀ ಐವರು ಅರ್ಲ್‌ಗಳಿಗೆ, ಅವರಿಗಿಂತ ಕೆಳಗಿನ ಪ್ರಭುಗಳಾದ 18 ಬ್ಯಾರನ್‌ಗಳಿಗೆ. ಬೆಂಬಲ ಬೇರೆ ಕಡೆಯಿಂದ ಬರಬೇಕಿತ್ತು. ಜೊತೆಗಿದ್ದ ಗ್ಲಾಸ್ಟರ್‌ನ ಅರ್ಲ್ ಗಿಲ್ಬರ್ಟ್ ಕೂಡ ಆ ವರ್ಷವೇ ಬಿಟ್ಟುಹೋದ. ಕಾರಣಗಳಲ್ಲಿ ಒಂದು, ಸೈಮನ್‌ನ ಮಕ್ಕಳು ಜಮೀನು ಬಾಚಿಕೊಳ್ಳುತ್ತಿದ್ದದ್ದು. ಹೆನ್ರಿಯ ತಮ್ಮಂದಿರ ಮೇಲೆ ಇದ್ದ ದೂರೇ ಅದು, ಅಲ್ವಾ?

ಯಹೂದಿಗಳ ವಿಷಯ ನೀವು ಮುಟ್ಟಿಯೇ ಇಲ್ಲ. ಇದನ್ನು ಬಿಟ್ಟರೆ ನಾನು ಲೇಖನ ಹಾಕುವುದಿಲ್ಲ. ಸೈಮನ್ ಅರ್ಲ್ ಆಗಲು ಹೊರಟ ಹೊಸತರಲ್ಲೇ ಲೆಸ್ಟರ್‌ನಿಂದ ಯಹೂದಿಗಳನ್ನು ಓಡಿಸಿದ. 1264ರಲ್ಲಿ ಅವನ ಕಡೆಯವರು ಲಂಡನ್‌ನಲ್ಲಿ ನೂರಾರು ಯಹೂದಿಗಳನ್ನು ಕೊಂದರು. ಆ ಲೂಟಿಯಲ್ಲಿ ಸೈಮನ್‌ಗೂ ಪಾಲು ಹೋಯಿತು ಎಂದು ಆ ಕಾಲದವರೇ ಬರೆದಿದ್ದಾರೆ. 'ಜನರ ನಾಯಕ' ಎಂದು ಬರೆಯುವಾಗ ಆ ಜನರಲ್ಲಿ ಯಾರಿಗೆ ಜಾಗ ಇರಲಿಲ್ಲ ಎನ್ನುವುದನ್ನೂ ಓದುಗರಿಗೆ ಹೇಳಬೇಕು.

ಇನ್ನು ಆ ಜನ. ನೀವು ಹತ್ತಾರು ಸಲ 'ಜನಸಾಮಾನ್ಯರು' ಎಂದಿದ್ದೀರಿ. ಒಬ್ಬ ಜನಸಾಮಾನ್ಯನೂ ಲೇಖನದಲ್ಲಿ ಕಾಣುವುದಿಲ್ಲ. ಅವರು ದಾಖಲೆಗಳಲ್ಲಿ ಇದ್ದಾರೆ. 1258ರಲ್ಲಿ ಪ್ರತಿ ಕೌಂಟಿಯಲ್ಲಿ ನಾಲ್ವರು ನೈಟ್‌ಗಳು ಕೂತು ಅಧಿಕಾರಿಗಳ ಮೇಲಿನ ದೂರು ಬರೆದುಕೊಳ್ಳಬೇಕೆಂದು ಆಯಿತು. ಆ ಅಕ್ಟೋಬರ್‌ನಲ್ಲಿ ರಾಜನ ಹೆಸರಿನ ಘೋಷಣೆ ಇಂಗ್ಲಿಷಿನಲ್ಲೂ ಹೊರಟಿತು. ಆಳುವವರೆಲ್ಲ ಫ್ರೆಂಚ್, ಲ್ಯಾಟಿನ್ ಬಳಸುತ್ತಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ. 1265ರ ಆಗಸ್ಟ್ 4ರಂದು ಈವ್‌ಷಮ್‌ನಲ್ಲಿ ಸೈಮನ್‌ನನ್ನು ಕೊಂದು ಅವನ ದೇಹವನ್ನು ತುಂಡು ತುಂಡು ಮಾಡಿದರು. ನಿಮ್ಮ ಲೇಖನ ಅಲ್ಲಿಗೆ ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಲೆಸ್ಟರ್‌ಷೈರ್‌ನ ಪೀಟ್ಲಿಂಗ್ ಮ್ಯಾಗ್ನಾ ಎಂಬ ಹಳ್ಳಿಗೆ ರಾಜನ ಕಡೆಯ ದಂಡು ಗಾಡಿಗಳ ಜೊತೆ ಬಂತು. ಹಳ್ಳಿಯವರು ಅಡ್ಡ ನಿಂತರು. ನೀವು ರಾಜ್ಯದ ಸಮುದಾಯದ ಹಿತಕ್ಕೆ, ಬ್ಯಾರನ್‌ಗಳಿಗೆ ವಿರುದ್ಧವಾಗಿ ನಡೆಯುತ್ತಿದ್ದೀರಿ ಎಂದು ಆಪಾದನೆ ಹೊರಿಸಿದರು. ಸೋತ ಮೇಲೆ, ನಾಯಕ ಸತ್ತ ಮೇಲೆ ಆಡಿದ ಮಾತು ಇದು! ದಂಡು ಬಿಡಲಿಲ್ಲ. ಹಳ್ಳಿ 20 ಮಾರ್ಕ್ ಕೊಡುವುದಾಗಿ ಒಪ್ಪಿ ಒತ್ತೆಯಾಳುಗಳನ್ನು ಕೊಡಬೇಕಾಯಿತು. ಮರುವರ್ಷ ವಿಷಯ ರಾಜನ ಕೋರ್ಟಿಗೆ ಹೋಯಿತು. ಹಾಗಾಗಿಯೇ ಇವತ್ತು ನಮಗೆ ಇದು ಗೊತ್ತಿದೆ.

ಲೇಖನವನ್ನು ಈ ಹಳ್ಳಿಯಿಂದಲೇ ಶುರು ಮಾಡಿ. ಈ ರೈತರ ಬಾಯಿಗೆ ಆ ಮಾತು ಹೇಗೆ ಬಂತು ಎಂದು ಕೇಳಿಕೊಂಡು ಹಿಂದಕ್ಕೆ ಹೋಗಿ. ಆಗ ಷಿಯರ್ ಗಲಾಟೆ, ಆಕ್ಸ್‌ಫರ್ಡ್, ಎಲಿನರ್‌ಳ ಪಾಲು ಎಲ್ಲಕ್ಕೂ ಜಾಗ ಸಿಗುತ್ತದೆ. ಪ್ರಜಾಪ್ರಭುತ್ವದ ಬಗ್ಗೆ ಬರೆದ ಮೊದಲ ಎರಡು ಪುಟ ಪೂರ್ತಿ ತೆಗೆದುಬಿಡಿ. 'ಮಹಾನ್', 'ಧೀರೋದಾತ್ತ', 'ಅಜರಾಮರ' ಕೂಡ ಹೋಗಲಿ. ಹೆನ್ರಿಯ ಬಾಯಲ್ಲಿ ನೀವೇ ಕಟ್ಟಿ ಹಾಕಿರುವ ಉದ್ದದ ಭಾಷಣವನ್ನು ಯಾವ ಕಾರಣಕ್ಕೂ ಉಳಿಸಿಕೊಳ್ಳಬೇಡಿ. ಯುದ್ಧದ ವರ್ಣನೆ ಚೆನ್ನಾಗಿದೆ, ಅದನ್ನು ಹೆಚ್ಚು ಮುಟ್ಟಬೇಡಿ. ಅವಸರ ಬೇಡ. ಬರೆದು ಮುಗಿದ ಮೇಲೆ ನೇರವಾಗಿ ನನಗೇ ಕಳಿಸಿ.

ಸಂಪಾದಕ