ಮಾತಾಡಿಸಿದರೆ ಅಪ್ಪ ನಡೆಯುವುದನ್ನೇ ನಿಲ್ಲಿಸುತ್ತಾರೆ, ಇದು ವಯಸ್ಸಿನದ್ದಾ?

ನೀವು ಕೇಳಿದ್ದು ಇಷ್ಟು: ಅಪ್ಪನಿಗೆ 72. ಸಂಜೆ ಜೊತೆಗೆ ನಡೆಯುವಾಗ ಏನಾದರೂ ಕೇಳಿದರೆ ನಿಂತು ಉತ್ತರ ಕೊಡುತ್ತಾರೆ, ಆಮೇಲೆ ಹೆಜ್ಜೆ ಹಾಕುತ್ತಾರೆ. ಹೋದ ವರ್ಷ ಹೀಗಿರಲಿಲ್ಲ. ಸುಮ್ನೆ ಬಿಡಬೇಕಾ, ತೋರಿಸಬೇಕಾ?

ತೋರಿಸಿ. ಗಾಬರಿ ಬೇಡ, ಆದರೆ ತೋರಿಸಿ.

ನಾನು ಬಾಗಲಕೋಟೆಯ ನವನಗರದಲ್ಲಿ ಫಿಸಿಯೋಥೆರಪಿ ಮಾಡುವವನು. ಹಿರಿಯರು ಬಂದರೆ ಮೊದಲು ನೋಡುವುದೇ ಇದನ್ನು. ಮೊಣಕಾಲು ಮಡಚಿ ನೋಡುವುದೆಲ್ಲ ಆಮೇಲೆ. ಬಾಗಿಲಿಂದ ಕುರ್ಚಿ ತನಕ ಬರುವಾಗ "ಯಾವ ಬಸ್ಸಿಗೆ ಬಂದ್ರಿ ಕಾಕಾ?" ಅಂತ ಕೇಳುತ್ತೇನೆ. ಕೆಲವರು ನಡೆಯುತ್ತಲೇ ಹೇಳಿಬಿಡುತ್ತಾರೆ. ಕೆಲವರ ಹೆಜ್ಜೆ ಗಿಡ್ಡ ಆಗುತ್ತದೆ, ಕೈ ತಾನಾಗಿ ಗೋಡೆ ಹುಡುಕುತ್ತದೆ. ಕೆಲವರು ನಿಂತು, ನನ್ನ ಮುಖ ನೋಡಿ, "ಜಮಖಂಡಿ ಬಸ್ಸಿಗ್ರಿ" ಅನ್ನುತ್ತಾರೆ. ಅಷ್ಟರಲ್ಲಿ ನನಗೆ ಅರ್ಧ ವಿಷಯ ಗೊತ್ತಾಗಿರುತ್ತದೆ.

ನಡಿಗೆ ತನ್ನಷ್ಟಕ್ಕೆ ತಾನೇ ಆಗುತ್ತದೆ ಅಂದುಕೊಂಡಿರುತ್ತೇವೆ. ಪೂರ್ತಿ ಹಾಗಲ್ಲ. ಕಣ್ಣು ಒಂದು ಸುದ್ದಿ ಕೊಡುತ್ತದೆ, ಒಳಗಿವಿ ಒಂದು, ಅಂಗಾಲು ಮತ್ತು ಕೀಲುಗಳು ಇನ್ನೊಂದು. ಮೂರನ್ನೂ ಕೂಡಿಸಿ ಮಿದುಳು ಮೈಯನ್ನು ನೆಟ್ಟಗೆ ಹಿಡಿದಿರುತ್ತದೆ. ಎಲ್ಲ ಸರಿ ಇದ್ದಾಗ ಇದಕ್ಕೆ ಬೇಕಾಗುವ ಗಮನ ತೀರಾ ಕಡಿಮೆ. ಮೂರರಲ್ಲಿ ಒಂದು ಮಂಕಾದರೆ, ಒಂದೊಂದು ಹೆಜ್ಜೆಯನ್ನೂ ಕಾಯುವ ಕೆಲಸ ಮಿದುಳಿನ ಮುಂಭಾಗದ ಮೇಲೆ ಬೀಳುತ್ತದೆ. ಯೋಚಿಸಿ ಮಾತಾಡಲಿಕ್ಕೂ ಅದೇ ಭಾಗ ಬೇಕು. ಎರಡೂ ಒಟ್ಟಿಗೆ ಬಂದರೆ ಒಂದು ಕಾಯಬೇಕು.

ನಮ್ಮ ಕಡೆ ಹೆಣ್ಣುಮಕ್ಕಳು ಬುತ್ತಿ ಗಂಟು ತಲೆ ಮೇಲಿಟ್ಟುಕೊಂಡು, ಕೈ ಬಿಟ್ಟು, ಹೊಲದ ಬದುವಿನ ಮೇಲೆ ಹರಟೆ ಹೊಡೆಯುತ್ತಾ ಹೋಗುತ್ತಾರಲ್ವಾ? ಸ್ವಲ್ಪ ಹಿಂದೆ ಹೋಗಿ ಕೇಳಿಸಿಕೊಳ್ಳಿ. ಬದು ಒಡೆದ ಜಾಗ ಬಂದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಎರಡು ಹೆಜ್ಜೆ ಸದ್ದಿಲ್ಲ. ದಾಟಿದ ಮೇಲೆ "ಹಾಂ, ಏನ್ ಹೇಳಾಕತ್ತಿದ್ನಿ?" ಗಟ್ಟಿ ಇರುವ ಮೈಯಲ್ಲಿ ಮಾತು ಕಾಯುತ್ತದೆ, ಕಾಲು ನಡೆಯುತ್ತದೆ. ನಿಮ್ಮ ಅಪ್ಪನಿಗೆ ಉಲ್ಟಾ ಆಗಿದೆ. ಸಪಾಟು ರಸ್ತೆಯೇ ಒಡೆದ ಬದುವಿನಂತಾಗಿದೆ.

1997ರಲ್ಲಿ ಸ್ವೀಡನ್ನಿನ ಮೂವರು ಸಂಶೋಧಕರು 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದರು. 58 ಹಿರಿಯರನ್ನು ನಡೆಸುತ್ತಾ ಮಾತಿಗೆಳೆದರು. 12 ಮಂದಿ ನಿಂತರು. ಮುಂದಿನ 6 ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. ಅವರೆಲ್ಲ ಆರೈಕೆ ಇರುವ ವಸತಿಯಲ್ಲಿದ್ದವರು, ಮೊದಲೇ ಸೋತವರು. ದಿನಾ ನಿಮ್ಮ ಜೊತೆ ಹೊರಗೆ ನಡೆಯುವ ಅಪ್ಪನಿಗೆ ಆ ಲೆಕ್ಕ ಹಚ್ಚಬೇಡಿ. ಇನ್ನೊಂದು, ನಿಲ್ಲದೇ ನಡೆದವರಲ್ಲೂ ಕೆಲವರು ಬಿದ್ದಿದ್ದರು.

ನಿಲ್ಲುವುದು ತಪ್ಪಲ್ಲ. ಪಾರ್ಕಿನ್ಸನ್ ಅನ್ನುವ ಮಿದುಳಿನ ಕಾಯಿಲೆ ಇರುವ ಎಷ್ಟೋ ಜನ ನಿಲ್ಲುವುದೇ ಇಲ್ಲ. ಮಾತೂ ಬಿಡದೆ ನಡಿಗೆಯೂ ಬಿಡದೆ ಎರಡನ್ನೂ ಹಿಡಿಯಲು ಹೋಗಿ ಮುಗ್ಗರಿಸುತ್ತಾರೆ. ನಿಮ್ಮ ಅಪ್ಪ ನಿಂತರೆ ನೀವೂ ನಿಲ್ಲಿ. "ನಡೀರಿ, ನಡೀತಾ ಹೇಳ್ರಿ" ಅಂತ ಅವಸರ ಮಾಡಬೇಡಿ. ಪಾವಟಿಗೆ (ಮೆಟ್ಟಿಲು) ಇಳಿಯುವಾಗ ಹಿಂದಿನಿಂದ ಕೂಗಲೇಬೇಡಿ. ಹೋದ ಮಳೆಗಾಲ ನಾನೇ ಮನೆಯ ಪಾವಟಿಗೆ ಇಳಿಯುತ್ತಾ ಫೋನಿನಲ್ಲಿ ಮೆಸೇಜ್ ಓದುತ್ತಿದ್ದೆ. ಕೊನೆಯದು ಮುಗಿಯಿತು ಅಂದುಕೊಂಡೆ, ಇನ್ನೂ ಒಂದಿತ್ತು. ಹದಿನೈದು ದಿನ ಕಾಲಿಗೆ ಪಟ್ಟಿ. ಬಂದ ಪೇಷಂಟೆಲ್ಲ ನನ್ನ ಕಾಲು ನೋಡಿ ನಕ್ಕಿದ್ದೇ ನಕ್ಕಿದ್ದು.

ಹಾಗಂತ ನಿಂತವರೆಲ್ಲರಿಗೂ ನಡಿಗೆಯದ್ದೇ ತೊಂದರೆ ಅಂತಲ್ಲ. ಕಿವಿ ಮಂದವಾದವರು ಬಾಯಿ ನೋಡಲು ನಿಲ್ಲುತ್ತಾರೆ. ಎದುರಿನವರ ಮುಖ ನೋಡಿಯೇ ಮಾತಾಡಬೇಕು ಅನ್ನುವ ಹಳೇ ಕಾಲದವರೂ ಇದ್ದಾರೆ. ಆದರೆ ನೀವು ಹೋದ ವರ್ಷ ಹೀಗಿರಲಿಲ್ಲ ಅಂದಿರಿ, ನನ್ನ ಕಿವಿ ನಿಮಿರಿದ್ದು ಅದಕ್ಕೆ.

ಮನೆಯಲ್ಲಿ ಒಂದು ನೋಡಿ, ಪಕ್ಕದಲ್ಲಿ ನೀವಿರಬೇಕು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲಿ. ಎಷ್ಟು ಸೆಕೆಂಡ್ ಅಂತ ಬರೆದುಕೊಳ್ಳಿ. ಮತ್ತೆ ಅದೇ, ಈ ಸಲ 100ರಿಂದ ಮೂರು ಮೂರು ಕಳೆಯುತ್ತಾ. ಲೆಕ್ಕ ಬೇಡವಾದರೆ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಲಿ. ಸ್ವಲ್ಪ ನಿಧಾನ ಆಗುವುದು ಎಲ್ಲರಿಗೂ ಇದ್ದದ್ದೇ. ತಿರುಗುವಾಗ ಕಾಲು ನೆಲಕ್ಕೆ ಅಂಟಿದಂತಾದರೆ, ಜೋಲಿ ಹೋದರೆ, ಅದನ್ನು ಡಾಕ್ಟರಿಗೆ ಹೇಳಿ.

ಇನ್ನೊಂದು ಕೇಳಿ: ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಅಪ್ಪ ಓಲಾಡುತ್ತಾರಾ? ನಲ್ಲಿ ಹಿಡಿದುಕೊಳ್ಳುತ್ತಾರಾ? ಹೌದಾದರೆ ಅಂಗಾಲಿನ ಸುದ್ದಿ ಸರಿಯಾಗಿ ಬರುತ್ತಿಲ್ಲ, ಕಣ್ಣನ್ನೇ ನಂಬಿ ನಡೆಯುತ್ತಿದ್ದಾರೆ ಅನ್ನುವ ಅನುಮಾನ ನನಗೆ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಇದು ಜಾಸ್ತಿ. ಅಂಥವರಿಗೆ ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಲೈಟು ಇದ್ದರೂ ದೊಡ್ಡ ಆಸರೆ.

ಗಮನ ಹಂಚಿಕೊಂಡು ನಡೆಯುವ ಅಭ್ಯಾಸವನ್ನು ನಾವು ಮಾಡಿಸುತ್ತೇವೆ, ಮೊದಲು ಗೋಡೆ ಹಿಡಿದು, ಆಮೇಲೆ ಕೈಯಲ್ಲಿ ನೀರಿನ ಲೋಟ ಕೊಟ್ಟು. ಆದರೆ ಕಾರಣ ಗೊತ್ತಾದ ಮೇಲೆ. ಇದು ಒಂದೇ ದಿನದಲ್ಲಿ ಶುರುವಾಗಿದ್ದರೆ, ಮಾತು ತೊದಲಿದರೆ, ಬಾಯಿ ಸೊಟ್ಟಾದರೆ ನನ್ನಂಥವರ ಹತ್ತಿರ ಅಲ್ಲ, ನೇರ ದೊಡ್ಡ ಆಸ್ಪತ್ರೆಗೆ, ಆಗಲೇ. ಹಾಗಿಲ್ಲದಿದ್ದರೆ ಈ ವಾರ ಡಾಕ್ಟರ ಹತ್ತಿರ ಹೋಗುವಾಗ ಅಪ್ಪ ನುಂಗುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಿದ್ದೆ ಗುಳಿಗೆ ಇದ್ದರೆ ಅದನ್ನು ಮೊದಲು ತೋರಿಸಿ.