ಮೈಸೀನಿ, ಟಿರಿನ್ಸ್, ಎಪಿಡಾರಸ್: ಒಂದೇ ದಿನ ಸಾಕೇ?

ಪ್ರಶ್ನೆ: ಜೂನ್‌ನಲ್ಲಿ ಗ್ರೀಸ್‌ಗೆ ಹೊರಟಿದ್ದೇವೆ. ನಾಫ್ಲಿಯೊ ಊರಿನಲ್ಲಿ ಮೂರು ರಾತ್ರಿ ತಂಗುತ್ತೇವೆ. ಮೈಸೀನಿ, ಟಿರಿನ್ಸ್, ಎಪಿಡಾರಸ್ ಈ ಮೂರೂ ಪ್ರಾಚೀನ ತಾಣಗಳನ್ನು ಒಂದೇ ದಿನ ನೋಡಬಹುದೇ? ಜೊತೆಗೆ 68 ವರ್ಷದ ಅಮ್ಮ ಇರುತ್ತಾರೆ.
– ಓದುಗರು, ಬೆಂಗಳೂರು

ಉತ್ತರ: ದೂರ ಕಡಿಮೆಯೇ. ನಾಫ್ಲಿಯೊದಿಂದ ಮೈಸೀನಿ ಸುಮಾರು 25 ಕಿ.ಮೀ., ಎಪಿಡಾರಸ್ ಸುಮಾರು 30, ಟಿರಿನ್ಸ್ ಬರೀ 4. ತೊಂದರೆ ಬಿಸಿಲಿನದು. ಅಮ್ಮ ಜೊತೆಗಿರುವಾಗ ಎರಡು ದಿನಕ್ಕೆ ಹಂಚಿಕೊಳ್ಳಿ.

ಮೊದಲ ದಿನ ಮೈಸೀನಿ. ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೇ ಅಲ್ಲಿರಿ. ಮೊದಲು ಕೋಟೆ ಹತ್ತಿ, ಮ್ಯೂಸಿಯಂ ಆಮೇಲೆ. ಇದನ್ನು ತಿರುವುಮುರುವು ಮಾಡಿದವರು ನೆತ್ತಿ ಸುಡುವ ಹೊತ್ತಿನಲ್ಲಿ ನೆರಳೇ ಇಲ್ಲದ ಗುಡ್ಡ ಏರಬೇಕಾಗುತ್ತದೆ. ಕ್ರಿ.ಪೂ. 1250ರ ಸುಮಾರಿನ ಸಿಂಹದ್ವಾರ, ಅದರಾಚೆಯ ವೃತ್ತಾಕಾರದ ಸಮಾಧಿಗಳವರೆಗೆ ಅಮ್ಮನವರು ನಿಧಾನವಾಗಿ ಬರಬಹುದು. ಅಲ್ಲಿಂದ ಮೇಲೆ ಕಲ್ಲುಗಳು ಸವೆದು ಜಾರುತ್ತವೆ. ಹಿಡಿತವಿರುವ ಶೂ ಬೇಕೇ ಬೇಕು. ನೆಲದಡಿಯ ನೀರಿನ ತೊಟ್ಟಿಗೆ ಇಳಿಯುವ ಮೆಟ್ಟಿಲುಗಳಲ್ಲಿ ಕತ್ತಲು, ಟಾರ್ಚ್ ಒಯ್ಯಿರಿ. 1876ರಲ್ಲಿ ಜರ್ಮನ್ ಪುರಾತತ್ವಜ್ಞ ಶ್ಲೀಮನ್ ಅಗೆದಾಗ ಸಿಕ್ಕ ಚಿನ್ನದ ಮುಖವಾಡದ ಮೂಲ ಇಲ್ಲಿಲ್ಲ, ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ.

ಟಿಕೆಟ್ ಎಸೆಯಬೇಡಿ. ಕೋಟೆಯಿಂದ ಊರಿನ ಕಡೆಗೆ ಅರ್ಧ ಕಿ.ಮೀ. ಇಳಿದರೆ ‘ಏಟ್ರಿಯಸ್‌ನ ಖಜಾನೆ’ ಎಂದು ಕರೆಯುವ ಗುಮ್ಮಟದ ಸಮಾಧಿಯಿದೆ, ಅದಕ್ಕೂ ಇದೇ ಟಿಕೆಟ್. ಬಹಳ ಮಂದಿ ಕಾರಿನಲ್ಲಿ ಅದನ್ನು ದಾಟಿಕೊಂಡೇ ಹೋಗಿಬಿಡುತ್ತಾರೆ. ಹದಿಮೂರು ಮೀಟರ್‌ಗೂ ಎತ್ತರದ ಆ ಗುಮ್ಮಟ ಕೋಟೆಗಿಂತ ಒಂದು ತೂಕ ಹೆಚ್ಚು ಎಂದೇ ನಮ್ಮ ಅಭಿಪ್ರಾಯ. ಹತ್ತುವ ಕಷ್ಟವೂ ಇಲ್ಲ. ವಾಪಸಾಗುವಾಗ ಟಿರಿನ್ಸ್ ನೋಡಲು ಮುಕ್ಕಾಲು ಗಂಟೆ ಸಾಕು.

ಎರಡನೆಯ ದಿನ ಎಪಿಡಾರಸ್. ಇಲ್ಲಿ ಜಿಪಿಎಸ್ ದಾರಿ ತಪ್ಪಿಸುತ್ತದೆ: ಬರೀ ‘ಎಪಿಡಾರಸ್’ ಎಂದರೆ ಕಡಲತೀರದ ಹಳ್ಳಿಗೆ ಒಯ್ಯಬಹುದು, ಅಲ್ಲೂ ಒಂದು ಪುಟ್ಟ ರಂಗಮಂದಿರವಿದೆ! ನಿಮಗೆ ಬೇಕಾದದ್ದು ಒಳನಾಡಿನ ಲಿಗುರಿಯೊ ಊರಿನ ಬಳಿಯ, ಗ್ರೀಕರ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕ್ಷೇತ್ರ. 55 ಸಾಲುಗಳ ರಂಗಮಂದಿರದ ನಡುವಿನ ಕಲ್ಲಿನ ಮೇಲೆ ಒಬ್ಬರು ಮಾತಾಡಲಿ, ಉಳಿದವರು ಮೇಲೆ ಕೂತು ಕೇಳಿ. ಸಂಜೆ ನಾಫ್ಲಿಯೊದ ಪಾಲಮೀದಿ ಕೋಟೆ. ನೂರಾರು ಮೆಟ್ಟಿಲು ಬೇಡ, ಹಿಂಬದಿಯಿಂದ ಬಾಗಿಲವರೆಗೂ ರಸ್ತೆಯಿದೆ. ಮುಚ್ಚುವ ವೇಳೆ ಹಿಂದಿನ ದಿನವೇ ಖಚಿತಪಡಿಸಿಕೊಳ್ಳಿ.

ಬಸ್ಸುಗಳು ವಿರಳ. ಮೈಸೀನಿಗೆಂದು ಹತ್ತಿದ ಬಸ್ ಹೆದ್ದಾರಿಯ ಫಿಖ್ತಿ ಹಳ್ಳಿಯಲ್ಲೇ ಇಳಿಸಿದರೆ ಇನ್ನೂ ಮೂರ್ನಾಲ್ಕು ಕಿ.ಮೀ. ಉಳಿಯುತ್ತದೆ. ಕಾರು ಬಾಡಿಗೆಗೆ ಪಡೆಯುವುದಾದರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ಹೊರಡಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಗೇರ್ ಬಲಗೈಗೆ ಬರುತ್ತದೆ. ಆಟೋಮ್ಯಾಟಿಕ್ ಬೇಕಿದ್ದರೆ ಮುಂಚೆಯೇ ಕಾಯ್ದಿರಿಸಿ.