ಬೈಬಲ್‌ನ ಯೋಸೇಫನಲ್ಲಿ ನನ್ನನ್ನೇ ಕಾಣುತ್ತೇನೆ: ಅಣ್ಣಂದಿರೇ ಅವನನ್ನು ಗುಂಡಿಗೆ ತಳ್ಳಿ ದಾಸನಾಗಿ ಮಾರಿದರು, ಮುಂದೆ ಅವನು ಐಗುಪ್ತದ (ಈಜಿಪ್ಟಿನ) ಅಧಿಪತಿಯಾದಾಗ ಬರಗಾಲದಲ್ಲಿ ಅವರೇ ದವಸ ಕೇಳಿ ಬಂದರು. ಆಸ್ತಿಯಲ್ಲಿ ಮೋಸ ಮಾಡಿದ ಅಣ್ಣಂದಿರು ಬಂದು ಕ್ಷಮೆ ಕೇಳುವವರೆಗೆ ಕಾಯುವುದು ಸರಿಯೇ?

ಕಾಯಬೇಡಿ. ಹದಿನಾಲ್ಕು ವರ್ಷ ಕಾದವನು ಹೇಳುತ್ತಿದ್ದೇನೆ. "ಒಂದು ದಿನ ಅವರೇ ನನ್ನ ಬಾಗಿಲಿಗೆ ಬರುತ್ತಾರೆ" ಎಂದು ಬರೆದಿದ್ದೀರಲ್ಲ, ಆ ಸಾಲು ಓದಿ ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅದೇ ಮಾತನ್ನು ನಾನು ಪ್ರತಿ ರಾತ್ರಿ ಪ್ರಾರ್ಥನೆಯಲ್ಲಿ ದೇವರಿಗೆ ಹೇಳುತ್ತಿದ್ದೆ.

ಅಪ್ಪ ಬೆಂಗಳೂರಿನ ಐಟಿಐ ದೂರವಾಣಿ ಕಾರ್ಖಾನೆಯಲ್ಲಿದ್ದರು. ರಾಮಮೂರ್ತಿನಗರದಲ್ಲಿ ಮೂವತ್ತು-ನಲವತ್ತರ ಸೈಟು, ಅದರಲ್ಲಿ ಎರಡು ಕೋಣೆಯ ಶೀಟಿನ ಮನೆ. ನಾವಿಬ್ಬರೇ ಮಕ್ಕಳು, ನಾನು ಚಿಕ್ಕವನು. 2006ರಲ್ಲಿ ಅಪ್ಪ ತೀರಿಕೊಂಡರು. ತಿಂಗಳು ಕಳೆಯುವಷ್ಟರಲ್ಲಿ ಅಣ್ಣ ಬೀರುವಿನಿಂದ ದಾನಪತ್ರ ತೆಗೆದು ತೋರಿಸಿದ. ಎರಡು ವರ್ಷದ ಹಿಂದೆಯೇ ಮನೆ ಪೂರ್ತಿ ಅವನ ಹೆಸರಿಗೆ ನೋಂದಣಿಯಾಗಿತ್ತು. ಅಪ್ಪನಾಗಲಿ ಅವನಾಗಲಿ ನನಗೆ ಒಂದು ಮಾತು ಹೇಳಿರಲಿಲ್ಲ. ಅದೇ ವಾರ ಒಂದು ಸೂಟ್‌ಕೇಸ್ ಹಿಡಿದು ಮನೆ ಬಿಟ್ಟೆ.

ಅದಕ್ಕೆ ಮೊದಲೇ ನಾನು ಯೋಸೇಫನಾಗಿದ್ದೆ. ಒಂದು ಯೌವನಸ್ಥರ ಶಿಬಿರದಲ್ಲಿ ಬೋಧಕರು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ನೀವು ಯಾರು ಎಂದು ಬರೆಯಿರಿ ಎಂದಿದ್ದರು. ದಾವೀದ, ದಾನಿಯೇಲ, ಎಸ್ತೇರ್, ರೂತ್ ಎಂದೆಲ್ಲ ಬರೆದರು. ತಮ್ಮನಿಂದ ಮೋಸಹೋದ ಅಣ್ಣ ಎಸಾವ ಎಂದು ಬರೆದವರು ಒಬ್ಬರೂ ಇರಲಿಲ್ಲ. ನಾನು ಬರೆದದ್ದು ಯೋಸೇಫ. ಮನೆ ಬಿಟ್ಟ ಮೇಲೆ ಆ ಚೀಟಿಯನ್ನು, ಯೋಸೇಫನ ಕಥೆಯಿರುವ ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ ಹಾಳೆಗಳ ನಡುವೆ ಇಟ್ಟುಕೊಂಡೆ.

ಯಶವಂತಪುರದ ಎಪಿಎಂಸಿ ಯಾರ್ಡಿನ ಒಂದು ಅಕ್ಕಿ ಮಂಡಿಯಲ್ಲಿ ಗುಮಾಸ್ತನಾಗಿ ಸೇರಿದೆ. 2011ರಲ್ಲಿ ಸ್ವಂತ ಅಂಗಡಿ ಹಾಕಿದೆ. ನೀವೇ ಯೋಚಿಸಿ, ಯೋಸೇಫನೆಂದು ತಿಳಿದುಕೊಂಡವನಿಗೆ ಅಕ್ಕಿ ವ್ಯಾಪಾರ! ಚೀಲಗಳ ರಾಶಿಯ ನಡುವೆ ಕುಳಿತಾಗಲೆಲ್ಲ ಐಗುಪ್ತದ ಅರಸ ಫರೋಹನ ಕಣಜಗಳು ನೆನಪಾಗುತ್ತಿದ್ದವು. ಹದಿನೇಳನೆಯ ವಯಸ್ಸಿನಲ್ಲಿ ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿಹೋದವನು ಮೂವತ್ತನೆಯ ವಯಸ್ಸಿನಲ್ಲಿ ಐಗುಪ್ತವನ್ನೇ ಆಳಿದ. ಅವನು ಮೊದಲ ಮಗನಿಗೆ ಮನಸ್ಸೆ ಎಂದು ಹೆಸರಿಟ್ಟದ್ದು ತಂದೆಯ ಮನೆಯನ್ನು ತಾನು ಮರೆಯುವಂತೆ ದೇವರು ಮಾಡಿದನೆಂದು. ಆ ವಚನದ ಕೆಳಗೆ ಕೆಂಪು ಗೆರೆ ಎಳೆದಿದ್ದೆ. ಅಮ್ಮ ಅಣ್ಣನ ಮನೆಯಲ್ಲಿದ್ದಳು. ಆಗಾಗ ಫೋನಿನಲ್ಲಿ ಮಾತು. ಮುಖ ನೋಡುತ್ತಿದ್ದದ್ದು ಹಡ್ಸನ್ ಸ್ಮಾರಕ ದೇವಾಲಯದಲ್ಲಿ, ಕ್ರಿಸ್‌ಮಸ್ ಮತ್ತು ಈಸ್ಟರ್ ಆರಾಧನೆಗೆ. ಅವರು ಒಂದು ಸಾಲಿನ ಬೆಂಚಿನಲ್ಲಿ, ನಾನು ಇನ್ನೊಂದರಲ್ಲಿ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಅಣ್ಣ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಿದ್ದ. ಶಾಲೆಗಳೇ ಮುಚ್ಚಿದವು. ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು, ಹಳೆಯ ಟಿವಿಎಸ್ ಮೇಲೆ ಊರಿನ ಆ ತುದಿಯಿಂದ ಈ ತುದಿಗೆ ಬಂದು ನನ್ನ ಅಂಗಡಿಯ ಮುಂದೆ ಇಳಿದ. ಮೊದಲು ನನಗೆ ಗುರುತೇ ಸಿಗಲಿಲ್ಲ. ಗುರುತು ಸಿಕ್ಕಾಗ ಎದೆ ಹೊಡೆದುಕೊಂಡಿತು. ಬರಗಾಲ ಬಂದಿದೆ, ಅಣ್ಣ ದವಸ ಕೇಳಲು ಬಂದಿದ್ದಾನೆ! ದೇವರು ನನ್ನ ಕಥೆಯನ್ನು ಅಕ್ಷರ ಬಿಡದೆ ನೆರವೇರಿಸಿದ ಎಂದುಕೊಂಡೆ.

"ಎರಡು ಚೀಲ ಅಕ್ಕಿ ಬೇಕಿತ್ತು. ಶಾಲೆ ತೆರೆದ ಮೇಲೆ ದುಡ್ಡು ಕೊಡುತ್ತೇನೆ" ಎಂದ.

ಇಪ್ಪತ್ತೈದು ಕಿಲೋದ ಎರಡು ಚೀಲ ಸೋನಾ ಮಸೂರಿಯನ್ನು ಅವನ ಟಿವಿಎಸ್ ಮೇಲೆ ಹಾಕಿಸಿದೆ. ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಏಳದೆಯೇ ಹೇಳಿದೆ: "ಅಕ್ಕಿ ತೆಗೆದುಕೊಂಡು ಹೋಗು. ಆದರೆ ಹೋಗುವ ಮುಂಚೆ, ತಮ್ಮನಿಗೆ ಗೊತ್ತಾಗದಂತೆ ಅಪ್ಪನ ಮನೆ ಬರೆಸಿಕೊಂಡೆ ಎಂದು ಇವರ ಮುಂದೆ ಒಂದು ಸಲ ಹೇಳು."

'ಇವರು' ಎಂದರೆ ನಾಲ್ಕು ಜನ ಹಮಾಲರು. ಅವರಲ್ಲಿ ವಯಸ್ಸಾದವರೊಬ್ಬರು ತಟ್ಟನೆ ಆ ಕಡೆ ತಿರುಗಿ, ಆಗಲೇ ಹೊಲಿದಿದ್ದ ಚೀಲದ ಬಾಯಿಯನ್ನು ಮತ್ತೆ ಹೊಲಿಯತೊಡಗಿದರು. ಅಣ್ಣ ಏನೂ ಹೇಳಲಿಲ್ಲ. ಎರಡೂ ಚೀಲಗಳನ್ನು ತಾನೇ ಇಳಿಸಿದ. ನೆಲದ ಮೇಲೆ ಹಾಕಲಿಲ್ಲ. ಒಂದರ ಮೇಲೊಂದು ತೂಕದ ಯಂತ್ರದ ಮೇಲೆ ಇಟ್ಟ, ಲೆಕ್ಕ ಒಪ್ಪಿಸುವವನ ಹಾಗೆ. ಕೆಂಪು ಅಂಕಿಗಳು ಓಡಿ ಐವತ್ತರ ಹತ್ತಿರ ನಿಂತವು. ಅವನು ಗಾಡಿ ಹತ್ತಿ ಹೋದ.

ಇದನ್ನು ಕೇಳಿದವರೆಲ್ಲ, ಅಂದೇ ಕ್ಷಮಿಸಿಬಿಡಬೇಕಿತ್ತು ಎನ್ನುತ್ತಾರೆ. ನನ್ನ ತಪ್ಪು ಅದಲ್ಲ, ದಯವಿಟ್ಟು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಕೋಪ ನ್ಯಾಯವಾಗಿಯೇ ಇತ್ತು. ದಾನಪತ್ರವನ್ನು ಮುಚ್ಚಿಟ್ಟದ್ದು ತಪ್ಪೆಂದು ಇಂದಿಗೂ ಹೇಳುತ್ತೇನೆ. ನಾನು ಮಾಡಿದ ತಪ್ಪು ಆ ನಾಲ್ಕು ಜನರನ್ನು ಅಲ್ಲಿ ನಿಲ್ಲಿಸಿಕೊಂಡದ್ದು. ಆದಿಕಾಂಡ 45ರ ಮೊದಲ ವಚನ ತೆಗೆದು ನೋಡಿ. ಅಣ್ಣಂದಿರಿಗೆ ತನ್ನ ಗುರುತು ಹೇಳುವ ಮುನ್ನ ಯೋಸೇಫ ಐಗುಪ್ತ್ಯರನ್ನೆಲ್ಲ ಹೊರಗೆ ಕಳುಹಿಸುತ್ತಾನೆ. 'ನೀವು ಮಾರಿಬಿಟ್ಟ ತಮ್ಮ ನಾನೇ' ಎಂಬ ಮಾತು ಹೊರಬಿದ್ದಾಗ ಆ ಕೋಣೆಯಲ್ಲಿ ಒಬ್ಬ ಹೊರಗಿನವನೂ ಇರಲಿಲ್ಲ. ಹೊರಗಿನವರಿಗೆ ಕೇಳಿಸಿದ್ದು ಅವನ ಅಳು ಮಾತ್ರ. ಅಣ್ಣಂದಿರ ಮಾನವನ್ನು ಅವನು ಒಳಗೇ ಉಳಿಸಿದ. ನೂರು ಸಲ ಓದಿದ ಅಧ್ಯಾಯ ಅದು. ಒಂದು ಸಲವೂ ಆ ವಚನ ನನ್ನನ್ನು ತಡೆದು ನಿಲ್ಲಿಸಲಿಲ್ಲ, ಏಕೆಂದರೆ ನಾನು ಓದುತ್ತಿದ್ದದ್ದು ನನ್ನ ಗೆಲುವನ್ನು.

ಇನ್ನೂ ಇದೆ. ಅಣ್ಣಂದಿರು ಮೊದಲ ಸಲ ಬಂದಾಗ ಯೋಸೇಫ ಅವರನ್ನು ಗೂಢಚಾರರೆಂದು ಗದರಿಸಿದ, ಅವರಲ್ಲೊಬ್ಬನಾದ ಸಿಮೆಯೋನನನ್ನು ಸೆರೆಯಲ್ಲಿಟ್ಟ, ನಿಜ. ಆದರೆ ಅವರು ದವಸಕ್ಕೆ ಕೊಟ್ಟ ಹಣವನ್ನು ಅವರವರ ಚೀಲದಲ್ಲೇ ಗುಟ್ಟಾಗಿ ಹಿಂದಿರುಗಿಸಿದ. ಅವನು ಕೇಳಿದ್ದು ತಮ್ಮ ಬೆನ್ಯಾಮೀನನನ್ನು ಕರೆತನ್ನಿ ಎಂದು, ತಪ್ಪೊಪ್ಪಿಕೊಳ್ಳಿ ಎಂದಲ್ಲ. ನಮ್ಮಿಬ್ಬರಂಥವರು ಕಾಯುವ ಆ ಕ್ಷಮೆಯ ಮಾತು ಯಾವಾಗ ಬರುತ್ತದೆ ಗೊತ್ತೇ? 50ನೆಯ ಅಧ್ಯಾಯದಲ್ಲಿ, ಅವರ ತಂದೆ ಯಾಕೋಬ ಸತ್ತ ಮೇಲೆ. ಯಾಕೋಬ ಐಗುಪ್ತಕ್ಕೆ ಬಂದಾಗ ಅವನಿಗೆ 130 ವರ್ಷ, ಸತ್ತಾಗ 147. ಹದಿನೇಳು ವರ್ಷ ಯೋಸೇಫ ಅಣ್ಣಂದಿರಿಗೆ ಅನ್ನ ಹಾಕಿ, ನೆಲ ಕೊಟ್ಟು ಸಾಕಿದ ಮೇಲೆ ಅವರು ಕ್ಷಮೆ ಬೇಡಿದರು, ಅದೂ ಅವನಿಗೆ ಹೆದರಿ. ನಾನು ಹದಿನೇಳು ನಿಮಿಷವೂ ತಡೆಯಲಿಲ್ಲ.

ಅಂದು ರಾತ್ರಿ ಅಮ್ಮ ಫೋನ್ ಮಾಡಿದಳು. ಬೈಯಲಿಲ್ಲ. "ಅವನು ಬರುವುದಿಲ್ಲ ಎಂದಿದ್ದ. ನಾನೇ ಬಲವಂತ ಮಾಡಿ ಕಳುಹಿಸಿದ್ದೆನಪ್ಪಾ" ಎಂದಳು. ಅಣ್ಣಂದಿರನ್ನು ದವಸ ತರಲು ಐಗುಪ್ತಕ್ಕೆ ಕಳುಹಿಸಿದ್ದು ಯಾಕೋಬನೇ. ನನ್ನ ಕಥೆಯಲ್ಲೂ ಹೆತ್ತವರೇ ಕಳುಹಿಸಿದ್ದರು, ನಾನು ಮಾತ್ರ ಅವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆಮೇಲೆ ದೇವಾಲಯಗಳೂ ಮುಚ್ಚಿದ್ದವು, ಆ ಮನೆಗೆ ಹೋಗಲು ನನಗೆ ಮುಖವಿರಲಿಲ್ಲ. 2021ರ ಮೇ ತಿಂಗಳಿನಲ್ಲಿ ಅಮ್ಮ ತೀರಿಕೊಂಡಳು. ಹೊಸೂರು ರಸ್ತೆಯ ಸ್ಮಶಾನದಲ್ಲಿ ನಾವು ನಾಲ್ಕೈದು ಜನ. ಮುಖ ನೋಡಲು ಸಿಗಲಿಲ್ಲ.

ಅಲ್ಲಿಂದ ಹೊರಡುವಾಗ ಅಣ್ಣ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟ. ಅಮ್ಮನ ಟ್ರಂಕಿನಲ್ಲಿತ್ತಂತೆ, ನನಗೆ ಕೊಡು ಎಂದಿದ್ದಳಂತೆ. ಒಳಗೆ ಸೈಟಿನ ಕಂತಿನ ರಸೀದಿಗಳು, ಏಳು ವರ್ಷದವು. ಹಣ ಕಟ್ಟಿದವರ ಸಹಿಯ ಜಾಗದಲ್ಲೆಲ್ಲ ಅಣ್ಣನ ಸಹಿ. ಮೊದಮೊದಲ ರಸೀದಿಗಳಲ್ಲಿ ಅದು ಶಾಲೆಯ ಹುಡುಗನ ಗುಂಡು ಅಕ್ಷರ. ಎಸ್ಎಸ್ಎಲ್‌ಸಿ ಮುಗಿಸಿ ಅವನು ಲೇತ್ ಕೆಲಸಕ್ಕೆ ಸೇರಿದ್ದು ಗೊತ್ತಿತ್ತು. ಆ ಸಂಬಳ ಎಲ್ಲಿಗೆ ಹೋಗುತ್ತಿತ್ತು ಎಂದು ನಾನು ಎಂದೂ ಕೇಳಿರಲಿಲ್ಲ. ನನ್ನನ್ನು ಅಪ್ಪ ಬಿ.ಕಾಂ.ವರೆಗೆ ಓದಿಸಿದರು. ಆದಿಕಾಂಡ 37ರ ಆರಂಭದಲ್ಲಿ, ತಂದೆ ಅವನಿಗೆ ಕೊಟ್ಟ ಬಣ್ಣದ ನಿಲುವಂಗಿಗಿಂತ ಮೊದಲೇ, ಯೋಸೇಫ ಅಣ್ಣಂದಿರ ಮೇಲೆ ತಂದೆಗೆ ಚಾಡಿ ಹೇಳುವ ಮಾತಿದೆ. ಅಣ್ಣ ಬೀಡಿ ಸೇದಿದ್ದನ್ನು ಅಪ್ಪನಿಗೆ ಹೇಳಿ ಬೆಲ್ಟಿನ ಏಟು ಕೊಡಿಸಿದವನು ನಾನು. ಆ ವಚನಕ್ಕೆ ನಾನು ಗೆರೆ ಎಳೆದಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನಾನು ಯೋಸೇಫ ಎಂದು ನೀವು ಹೇಳಿಕೊಂಡ ಕ್ಷಣದಲ್ಲೇ ನಿಮ್ಮ ಅಣ್ಣಂದಿರಿಗೆ ಪಾತ್ರ ಹಂಚಿ ಆಗಿರುತ್ತದೆ. ಅವರು ಇನ್ನು ಏನು ಮಾಡಿದರೂ ನಿಮ್ಮನ್ನು ಗುಂಡಿಗೆ ತಳ್ಳಿದವರೇ. ನನ್ನ ಪಕ್ಕದ ಅಂಗಡಿಯ ಗೆಳೆಯ ತನ್ನನ್ನು ಕರ್ಣನೆಂದುಕೊಂಡಿದ್ದಾನೆ. ಅವನ ಮನೆಯವರೆಲ್ಲ ಅವನ ಕಣ್ಣಿಗೆ ಪಾಂಡವರು, ಅವರ ಜೊತೆ ಅವನಿಗೆ ಮಾತೇ ಹೊರಡುವುದಿಲ್ಲ. ಸತ್ಯವೇದದವರು ಹಾಗೆ ಒಂದೇ ಪಾತ್ರಕ್ಕೆ ಅಂಟಿಕೊಂಡವರಲ್ಲ. ಯೋಸೇಫನನ್ನು ಮಾರೋಣ ಎಂದವನು ಅವನ ಅಣ್ಣ ಯೆಹೂದ. ಬೆನ್ಯಾಮೀನನ ಬದಲಿಗೆ ನನ್ನನ್ನು ದಾಸನಾಗಿ ಇಟ್ಟುಕೊಳ್ಳಿ ಎಂದು ಬೇಡಿಕೊಂಡವನೂ ಅವನೇ. ಆ ಮಾತು ಕೇಳಿದ ಮೇಲೆಯೇ ಯೋಸೇಫನಿಗೆ ಅಳು ತಡೆಯಲಾಗಲಿಲ್ಲ. ಓದುವುದಿದ್ದರೆ 44ನೆಯ ಅಧ್ಯಾಯದಲ್ಲಿ ಯೆಹೂದನ ಮಾತನ್ನು ಓದಿ, ಅದು ನಿಮ್ಮ ಅಣ್ಣ ಆಡುತ್ತಿರುವ ಮಾತೆಂದು ಓದಿ.

ವಕೀಲರನ್ನು ಕಾಣಬೇಕೇ ಎಂದೂ ಕೇಳಿದ್ದೀರಿ. ಕಾಣಿ, ಕಾಗದಪತ್ರ ನೋಡಿಸಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದಕ್ಕೆ ಮೊದಲು ದೊಡ್ಡ ಅಣ್ಣನಿಗೆ ಫೋನ್ ಮಾಡಿ. ಅಪ್ಪ-ಅಮ್ಮ ಇಬ್ಬರೂ ಇದ್ದಾರೆ ಎಂದು ಬರೆದಿದ್ದೀರಲ್ಲ, ಇವತ್ತೇ ಮಾಡಿ. ಆಸ್ತಿಯ ಮಾತು ಎತ್ತಬೇಡಿ, ವಚನ ಹೇಳಬೇಡಿ. ಅಪ್ಪನ ಬಿಪಿ ಹೇಗಿದೆ ಎಂದು ಕೇಳಿದರೆ ಸಾಕು.

ಈಗ ತಿಂಗಳಿಗೊಮ್ಮೆ ಅಣ್ಣನ ಮನೆಗೆ ಅಕ್ಕಿ ಕೊಂಡೊಯ್ಯುತ್ತೇನೆ. ಅತ್ತಿಗೆ ಕಾಫಿ ಕೊಡುತ್ತಾರೆ. ಅಣ್ಣ ಹೆಚ್ಚು ಮಾತನಾಡುವುದಿಲ್ಲ, ಆದರೆ ಚೀಲ ಇಳಿಸುವ ಮೊದಲೇ ಹಣ ಎಣಿಸಿ ಮೇಜಿನ ಮೇಲೆ ಇಟ್ಟಿರುತ್ತಾನೆ. ಮೊದಲ ತಿಂಗಳು ಆ ಹಣವನ್ನು ಅವನಿಗೆ ಕಾಣದಂತೆ ಚೀಲದ ಬಾಯಲ್ಲಿ ಸಿಕ್ಕಿಸಿದ್ದೆ. ಬಾಗಿಲವರೆಗೆ ಹೋದವನು ಹಿಂದಿರುಗಿ ಬಂದು ಅದನ್ನು ಹೊರಗೆ ತೆಗೆದೆ, ಅವನ ಎದುರಿಗೇ ಎಣಿಸಿದೆ, ಜೇಬಿಗೆ ಹಾಕಿಕೊಂಡು ಅವನ ಹೆಸರಿಗೆ ಬಿಲ್ಲು ಬರೆದುಕೊಟ್ಟೆ. ಅವನು ಅದನ್ನು ಓದಿ, ಮಡಚಿ, ಕ್ಯಾಲೆಂಡರಿನ ಹಿಂದೆ ಇಟ್ಟ.